ದುಡಿಯುವವರಿಗೆ ಊರೊಳಗೇ ಬಾಡಿಗೆ ಮನೆ ಸಿಗಲಿ: ಚಿಕ್ಕಮಗಳೂರಿನ ಶಾಸಕರಿಗೆ ಬಹಿರಂಗ ಪತ್ರ

ಚಿಕ್ಕಮಗಳೂರು ವಿಧಾನಸಭಾ ಕ್ಷೇತ್ರದ ಮಾನ್ಯ ಶಾಸಕರಿಗೆ ಗೌರವಪೂರ್ವಕ ವಂದನೆಗಳು.

ಮಾನ್ಯರೇ,

ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾ, ಇದೇ ನಗರದಲ್ಲಿ ಬಾಡಿಗೆ ಮನೆಯಲ್ಲಿ ಸಂಸಾರ ನಡೆಸುತ್ತಿರುವ ನಾನು, ನನ್ನಂಥ ಅನೇಕರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ನೋಡಲು ಬರುವ ಪ್ರವಾಸಿಗರಿಂದ ಊರಿಗೆ ವ್ಯಾಪಾರ ಬಂದಿದೆ, ಅದರ ಬಗ್ಗೆ ನಮಗೆ ಸಂತೋಷವೇ ಇದೆ. ಆದರೆ ಆ ಪ್ರವಾಸಿಗರಿಗೆ ಅಡುಗೆ ಮಾಡುವವರು, ಜೀಪು ಓಡಿಸುವವರು, ಕೋಣೆ ಗುಡಿಸುವವರು ರಾತ್ರಿ ತಲೆಯಿಡಲು ಊರೊಳಗೆ ಒಂದು ಮನೆ ಸಿಗದಂತಾಗಿದೆ.

ನಾವು ಹಿಂದೆ ಬಾಡಿಗೆಗಿದ್ದ ಮನೆಯ ವಿಷಯವನ್ನೇ ಹೇಳುತ್ತೇನೆ. ಹನ್ನೊಂದು ತಿಂಗಳ ಕರಾರು ಮುಗಿಯುತ್ತಿದ್ದಂತೆ ಮನೆ ಖಾಲಿ ಮಾಡಿಸಿದ ಮಾಲೀಕರು, ಹಾಲನ್ನು ಪ್ಲೈವುಡ್‌ನಿಂದ ಎರಡು ಕೋಣೆಯಾಗಿಸಿ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನು ಕೀಳಿಸಿ, ಅಲ್ಲಿ ಕ್ಯಾಂಪ್‌ಫೈರ್‌ಗೆ ಗುಂಡಿ ತೋಡಿಸಿದರು. ಎರಡು ಸಂಸಾರಗಳಿದ್ದ ಆ ಮನೆಯಲ್ಲಿ ಈಗ ವಾರಾಂತ್ಯಕ್ಕೆ ಮಾತ್ರ ಜನರಿರುತ್ತಾರೆ, ಸೋಮವಾರದಿಂದ ಗುರುವಾರದವರೆಗೆ ಬಾಗಿಲಿಗೆ ಬೀಗ. ಎರಡು ರಾತ್ರಿಗೆ ಒಂದು ತಿಂಗಳ ಬಾಡಿಗೆ ಬರುವುದಾದರೆ ಯಾವ ಮಾಲೀಕರು ತಾನೇ ಸಂಸಾರಸ್ಥರಿಗೆ ಮನೆ ಕೊಟ್ಟಾರು? ಅವರನ್ನು ದೂರಿ ಪ್ರಯೋಜನವಿಲ್ಲ, ಆ ಲೆಕ್ಕವನ್ನು ಬದಲಿಸಬೇಕಾದದ್ದು ಆಡಳಿತ. ಇದರ ಮೇಲೆ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಮನೆ ಬೇಕಾಗಿದೆ. ಅಡ್ವಾನ್ಸ್ ಹೊಂದಿಸಲಾಗದವರು ದೂರದ ಹಳ್ಳಿಗಳಿಗೆ ಹೋಗಿ, ಸಂಜೆಯ ಕೊನೆಯ ಬಸ್ಸಿಗಾಗಿ ಕೆಲಸವನ್ನು ಅರ್ಧಕ್ಕೇ ಬಿಟ್ಟು ಓಡುತ್ತಾರೆ.

ಕಾನೂನು ನಮ್ಮ ನೆರವಿಗೆ ಬರುವುದು ಕಡಿಮೆ. 1999ರ ಕರ್ನಾಟಕ ಬಾಡಿಗೆ ಅಧಿನಿಯಮವು ಪ್ರದೇಶಕ್ಕೆ ಅನುಗುಣವಾಗಿ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳಿಗೆ ಅನ್ವಯಿಸುವುದೇ ಇಲ್ಲ. ಆ ಮೊತ್ತಕ್ಕೆ ಇಂದು ಸಂಸಾರ ಮಾಡುವಂಥ ಮನೆ ಎಲ್ಲಿದೆ? ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ, ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ.

ಹೋಂಸ್ಟೇ ಎಂದರೆ ಮಾಲೀಕರ ಕುಟುಂಬ ತಾನು ವಾಸವಿರುವ ಮನೆಯ ಕೆಲವು ಕೋಣೆಗಳನ್ನು ಅತಿಥಿಗಳಿಗೆ ಕೊಡುವ ವ್ಯವಸ್ಥೆ. ತೋಟದ ಮನೆಗಳಲ್ಲಿ ಹಾಗೆ ನಡೆಸುತ್ತಿರುವವರ ಬಗ್ಗೆ ನಮ್ಮ ತಕರಾರಿಲ್ಲ. ಮಾಲೀಕರು ಬೇರೆ ಊರಿನಲ್ಲಿದ್ದು, ಇಡೀ ಮನೆಯನ್ನು ದಿನದ ಲೆಕ್ಕದಲ್ಲಿ ಕೊಡುವುದಾದರೆ ಅದು ಲಾಡ್ಜೇ ಹೊರತು ಹೋಂಸ್ಟೇ ಅಲ್ಲ; ಲಾಡ್ಜಿಗೆ ಅನ್ವಯಿಸುವ ಪರವಾನಗಿ, ಆಸ್ತಿ ತೆರಿಗೆ, ವಿದ್ಯುತ್ ದರ ಅದಕ್ಕೂ ಅನ್ವಯಿಸಬೇಕು. ಕಡಲತೀರದ ಪ್ರವಾಸಿ ನಗರವಾದ ಸ್ಪೇನಿನ ಬಾರ್ಸಿಲೋನಾದಲ್ಲಿ ಇದೇ ಕಾರಣದಿಂದ ಬಾಡಿಗೆ ಕೈಮೀರಿದಾಗ, ಪ್ರವಾಸಿಗರಿಗೆ ಕೊಡುವ 10,101 ಮನೆಗಳ ಪರವಾನಗಿಯನ್ನು 2028ರ ನಂತರ ನವೀಕರಿಸುವುದಿಲ್ಲವೆಂದು ಅಲ್ಲಿನ ಮೇಯರ್ 2024ರಲ್ಲಿ ಘೋಷಿಸಿದರು. ಅಷ್ಟು ದೂರ ನಾವು ಹೋಗಬೇಕೆಂದು ನಾನು ಹೇಳುತ್ತಿಲ್ಲ. ಆದರೆ ತಮ್ಮಲ್ಲಿ ಎಷ್ಟು ಮನೆಗಳು ಹೀಗಾಗಿವೆ ಎಂಬ ಲೆಕ್ಕ ಅವರ ಬಳಿ ಇತ್ತೆಂಬುದನ್ನು ಗಮನಿಸಬೇಕು. ಗಿರಿಶ್ರೇಣಿಗೆ ಹೋಗುವ ವಾಹನಗಳಿಗೆ ಆನ್‌ಲೈನ್ ಬುಕಿಂಗ್ ಮಾಡಿ ಮಿತಿ ಹಾಕಬಲ್ಲ ನಮ್ಮ ಜಿಲ್ಲಾಡಳಿತಕ್ಕೆ ಇಂಥ ಮನೆಗಳನ್ನು ವಾರ್ಡುವಾರು ಎಣಿಸುವುದು ಅಸಾಧ್ಯವೇನಲ್ಲ.

ನಿವೇಶನ, ಆಶ್ರಯ ಮನೆಗಳ ಬಗ್ಗೆ ಪ್ರತಿ ಚುನಾವಣೆಯಲ್ಲೂ ಮಾತು ಕೇಳುತ್ತೇವೆ, ಬಾಡಿಗೆದಾರರ ಬಗ್ಗೆ ಯಾರೂ ಮಾತನಾಡುವುದಿಲ್ಲ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ದುಡಿಯುವವರಿಗೆ, ವಿದ್ಯಾರ್ಥಿಗಳಿಗೆ ಕೈಗೆಟುಕುವ ಬಾಡಿಗೆ ವಸತಿ ಕಟ್ಟುವ ಪ್ರತ್ಯೇಕ ಭಾಗವೇ ಇದೆ. ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದ ಸರ್ಕಾರಿ ಜಾಗವನ್ನು ಗುರುತಿಸಿ, ಅದರಡಿ ಪ್ರಸ್ತಾವನೆ ಸಲ್ಲಿಸುವಂತೆ ತಾವು ನಗರಾಡಳಿತಕ್ಕೆ ಸೂಚಿಸಬೇಕು. ಮುಂದಿನ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಪ್ರಗತಿ ಪರಿಶೀಲನಾ ಸಭೆಯಲ್ಲಿ ಈ ಪ್ರಸ್ತಾವನೆಯನ್ನೂ ಮನೆಗಳ ಸಮೀಕ್ಷೆಯನ್ನೂ ಚರ್ಚೆಗೆ ತೆಗೆದುಕೊಂಡು, ಅಧಿಕಾರಿಗಳಿಂದ ಗಡುವು ಪಡೆದು, ಆ ಗಡುವನ್ನು ನಮಗೂ ತಿಳಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕ್ಷೇತ್ರದ ಒಬ್ಬ ಮತದಾರ, ಬಾಡಿಗೆದಾರ
ಚಿಕ್ಕಮಗಳೂರು