ಸರ್ಪಸುತ್ತು: ಮೊದಲ ಮೂರು ದಿನ ಮುಖ್ಯ

ಸಂಪಾದಕರೇ,

ಸರ್ಪಸುತ್ತು ಎಂದ ಕೂಡಲೇ ನಮ್ಮ ಕಡೆ ಈಗಲೂ ಕೆಮ್ಮಣ್ಣು ಕಲಸುತ್ತಾರೆ. ಗುಳ್ಳೆಗಳ ಸಾಲು ಹಾವಿನಂತೆ ಮೈ ಸುತ್ತಿ ತಲೆ-ಬಾಲ ಕೂಡಿದರೆ ಜೀವಕ್ಕೇ ಅಪಾಯ ಎಂಬ ಹೆದರಿಕೆ ಬೇರೆ. ಅಸಲಿಗೆ, ಚಿಕ್ಕಂದಿನಲ್ಲಿ 'ಅಮ್ಮ' (ಚಿಕನ್‌ಪಾಕ್ಸ್) ಆಗಿ ವಾಸಿಯಾದ ಮೇಲೂ ಅದರ ವೈರಸ್ ನರಗಳ ಬುಡದಲ್ಲಿ ಸುಮ್ನೆ ಮಲಗಿರುತ್ತದೆ. ವಯಸ್ಸಾದಾಗ, ಮೈಯಲ್ಲಿ ಶಕ್ತಿ ಕುಂದಿದಾಗ ಮತ್ತೆ ಏಳುತ್ತದೆ. ನರದ ದಾರಿ ಹಿಡಿದೇ ಬರುವುದರಿಂದ ಗುಳ್ಳೆಗಳು ಸಾಮಾನ್ಯವಾಗಿ ಮೈಯ ಒಂದೇ ಪಕ್ಕಕ್ಕೆ ಪಟ್ಟಿಯಂತೆ ಏಳುತ್ತವೆ. ಇನ್ನು ತಲೆ-ಬಾಲ ಕೂಡುವುದೆಲ್ಲಿ?

ಗುಳ್ಳೆಗೂ ಮೊದಲೇ ಆ ಜಾಗದಲ್ಲಿ ಉರಿ, ಚುಚ್ಚುವ ನೋವು ಶುರುವಾಗುತ್ತದೆ. ನಾವು ಗ್ಯಾಸ್ಟ್ರಿಕ್ ಅಂದುಕೊಳ್ಳುತ್ತೇವೆ, ಅಲ್ವಾ? ಗುಳ್ಳೆ ಎದ್ದ 72 ಗಂಟೆಯೊಳಗೆ ಎಸೈಕ್ಲೋವಿರ್‌ನಂಥ ಮಾತ್ರೆ ಶುರು ಮಾಡಿದರೆ ಲಾಭ ಜಾಸ್ತಿ. ಮಣ್ಣು ಬಳಿಯುತ್ತ ಕೂತರೆ ಆ ಹೊತ್ತೇ ಕೈತಪ್ಪುತ್ತದೆ. ಒಡೆದ ಗುಳ್ಳೆ ಕೀವಾಗಲೂಬಹುದು. ಕೆಲವರಿಗೆ ಗುಳ್ಳೆ ಒಣಗಿದರೂ ತಿಂಗಳುಗಟ್ಟಲೆ ನೋವು ಬಿಡುವುದಿಲ್ಲ. ಅಂಗಿ ಸೋಕಿದರೂ ಸಹಿಸಲಾಗದು. ಹಣೆಯ ಮೇಲೋ ಮೂಗಿನ ತುದಿಯಲ್ಲೋ ಗುಳ್ಳೆ ಕಂಡರೆ ಅಂದೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು, ದೃಷ್ಟಿಗೆ ಅಪಾಯವಿದೆ.

50 ದಾಟಿದವರಿಗೆ ಲಸಿಕೆಯೂ ಇದೆ. ಬೆಲೆ ಕೇಳಿದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಹಿರಿಯರಿಗಾದರೂ ಸರ್ಕಾರ ಕಡಿಮೆ ಬೆಲೆಗೆ ಕೊಡಬಾರದೇ?

— ಓದುಗರೊಬ್ಬರು, ತಿಪಟೂರು