ಮೇಷ್ಟರಿಗೂ ಬೇಕು ಮಾನವಶಾಸ್ತ್ರ

ಮಾನ್ಯರೆ,
ಹಾಡಿಯ (ಕಾಡಂಚಿನ ಆದಿವಾಸಿಗಳ ಊರು) ಮಕ್ಕಳು ಅರ್ಧಕ್ಕೇ ಶಾಲೆ ಬಿಡುತ್ತಿರುವ ವರದಿ ಓದಿ ನೋವಾಯಿತು. ಆ ಮಕ್ಕಳ ಬದುಕು ಮೇಷ್ಟರಿಗೆ ಗೊತ್ತಿಲ್ಲದಿರುವುದೂ ಇದಕ್ಕೆ ಒಂದು ಕಾರಣ.

ಜನಸಮುದಾಯಗಳ ಬದುಕು, ಆಚಾರ ವಿಚಾರಗಳನ್ನು ಅರಿಯುವ ಮಾನವಶಾಸ್ತ್ರವೂ ಮೊದಲು ಹೀಗೇ, ಜನರಿಂದ ದೂರವೇ ಇತ್ತು. 1884ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅದನ್ನು ಕಲಿಸತೊಡಗಿದ ಇಂಗ್ಲೆಂಡಿನ ವಿದ್ವಾಂಸ ಟೈಲರ್ ಹೆಚ್ಚಾಗಿ ಪ್ರವಾಸಿಗರು, ಪಾದ್ರಿಗಳು ಬರೆದದ್ದನ್ನು ಓದಿಯೇ ದೂರದ ಜನರ ಬಗ್ಗೆ ಬರೆದರು. ಜನರ ನಡುವೆ ಹೋಗಿ ಉಳಿಯುವ ಪದ್ಧತಿ ಬಂದದ್ದು ಆಮೇಲೆ. ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ಅಲ್ಲಿನ ಬದುಕು ಅರಿತರು. ಶಾಲೆಗೆ ಬೇಕಿರುವುದು ಈ ದಾರಿ, ಅಲ್ವಾ?

ನನ್ನ ತರಗತಿಯಲ್ಲಿ ಜೇನುಕುರುಬ ಬುಡಕಟ್ಟಿನ ಹುಡುಗನೊಬ್ಬ ತುಟಿ ಬಿಚ್ಚುತ್ತಿರಲಿಲ್ಲ. ಒಂದು ದಿನ ಕಾಡಂಚಿನಲ್ಲಿ ಅವನೇ ನಿಲ್ಲಿಸಿ, ಮರದ ಪೊಟರೆಯ ತುಡುವೆ ಜೇನು ಯಾವುದು, ಕೊಂಬೆಯ ಹೆಜ್ಜೇನು ಯಾವುದು ಅಂತ ತೋರಿಸಿದ. ಮಾತು ನಿಲ್ಲಲೇ ಇಲ್ಲ. ಅಲ್ಲಿಯವರೆಗೆ ಅವನ ಪ್ರಗತಿಪತ್ರದಲ್ಲಿ ‘ಕಲಿಕೆಯಲ್ಲಿ ಹಿಂದೆ’ ಎಂದು ನಾನೇ ಬರೆದಿದ್ದೆ. ಅದು ಇವತ್ತಿಗೂ ಚುಚ್ಚುತ್ತದೆ.

ಬಿ.ಇಡಿ. ತರಬೇತಿಯಲ್ಲಿ ಹದಿನೈದು ದಿನವಾದರೂ ಮಕ್ಕಳ ಊರು, ಹಾಡಿಗಳಲ್ಲಿ ಉಳಿದು ನೋಡಿದ್ದನ್ನು ಬರೆಯುವ ಕೆಲಸ ಸೇರಿಸಲಿ. ಮೈಸೂರು, ಧಾರವಾಡದ ವಿಶ್ವವಿದ್ಯಾಲಯಗಳ ಮಾನವಶಾಸ್ತ್ರ ವಿಭಾಗಗಳ ನೆರವು ಪಡೆಯಬಹುದು.

– ನಿವೃತ್ತ ಶಿಕ್ಷಕ, ಹುಣಸೂರು