ಹದ್ದು, ಗಿಡುಗಗಳ ಫೋಟೊ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ವಾರ ಬಂದ ಫೋಟೊಗಳಲ್ಲಿ ಹೆಚ್ಚಿನವು ಒಂದೇ ಕಡೆ ಎಡವಿವೆ: ಆಕಾಶ ಬೆಳ್ಳಗೆ, ಹಕ್ಕಿ ಕಪ್ಪಗೆ. ಬೆಳಕಿನ ಆಕಾಶದಲ್ಲಿ ಹಾರುವ ಹಕ್ಕಿಗೆ ಎಕ್ಸ್‌ಪೋಷರ್ (ಫೋಟೊಗೆ ಸಿಗುವ ಬೆಳಕು) +1ರ ಆಸುಪಾಸು ಏರಿಸಿ, ಶಟರ್ ವೇಗ 1/2000 ಸೆಕೆಂಡಿನಷ್ಟಾದರೂ ಇರಲಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿದರೆ ಏರಲಿ; ಅದರಿಂದ ಬರುವ ನಾಯ್ಸ್ (ಚಿತ್ರದ ಕಾಳುಕಾಳು ಚುಕ್ಕೆ) ಕಡಿಮೆ ಮಾಡಬಹುದು, ಕದಲಿ ಮಸುಕಾದ ಕಣ್ಣನ್ನು ಮರಳಿ ತರುವುದು ಕಷ್ಟ. ರಾ ಫೈಲಿನಲ್ಲೇ (ಕ್ಯಾಮೆರಾ ತಿದ್ದದ ಮೂಲ ಫೈಲು) ತೆಗೆಯಿರಿ.

ಎಡಿಟ್ ಮಾಡುವಾಗ ಮೊದಲು ನಾಯ್ಸ್, ಆಮೇಲೆ ಶಾರ್ಪ್‌ನೆಸ್, ಅದೂ ಕಣ್ಣು, ಕೊಕ್ಕು, ಗರಿಗಳಿಗೆ ಮಾತ್ರ. ಆಕಾಶಕ್ಕೂ ಹಚ್ಚಿದರೆ ಮರಳು ಎರಚಿದಂತೆ ಕಾಣುತ್ತದೆ. ನಿನ್ನೆಯ ಗಿಡುಗದ ಚಿತ್ರದಲ್ಲಿ ನೆರಳಿನ ಭಾಗವನ್ನು ತುಸು ಬೆಳಗಿಸಿದ್ದಕ್ಕೇ ರೆಕ್ಕೆಯಡಿಯ ಪಟ್ಟೆಗಳು ಒಂದೊಂದಾಗಿ ಎದ್ದು ಬಂದವು, ನೋಡಿ ತುಂಬ ಖುಷಿಯಾಯಿತು.

ಗೂಡಿನ ಫೋಟೊ, ಜಾಗದ ಗುರುತು ಮಾತ್ರ ದಯವಿಟ್ಟು ಹಾಕಬೇಡಿ. ಜನ ಹತ್ತಿರ ಹೋದರೆ ಕಾವು ಕೂತ ಹಕ್ಕಿ ಎದ್ದುಹೋಗುತ್ತದೆ, ಮೊಟ್ಟೆ ತಣ್ಣಗಾಗುತ್ತದೆ.